ಬೆಂಗಳೂರು ದಂಡು ಮತ್ತು ಪೂರ್ವ ಬಡಾವಣೆಗಳು: ವಸತಿ ವಲಯ ಹಾಗೂ ಸಾಂದ್ರತೆಯ ನಿಯಮಗಳು

ಒಂದು ಸೈಟಿನಲ್ಲಿ ಏನನ್ನು ಕಟ್ಟಬಹುದು, ಎಷ್ಟು ಕಟ್ಟಬಹುದು, ಕಟ್ಟಿದ ಮೇಲೆ ಅದನ್ನು ಯಾವುದಕ್ಕೆ ಬಳಸಬಹುದು ಎಂಬುದನ್ನು ಗೊತ್ತುಮಾಡುವ ಕಟ್ಟುಪಾಡುಗಳಿಗೆ ಒಟ್ಟಾಗಿ ವಲಯ ನಿಯಮಾವಳಿ ಎಂದು ಹೆಸರು. ಬೆಂಗಳೂರಿನಲ್ಲಿ ಇವುಗಳ ತಳಹದಿ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಆ ಕಾಯ್ದೆಯಡಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಸಿದ್ಧಪಡಿಸಿ, 2007ರ ಜೂನ್‌ನಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟ ಪರಿಷ್ಕೃತ ಮಹಾಯೋಜನೆ 2015 ಇಂದಿಗೂ ಚಾಲ್ತಿಯಲ್ಲಿರುವ ನಕ್ಷೆ. ಹೆಸರಿನಲ್ಲಿರುವ ವರ್ಷ ದಾಟಿ ಬಹಳ ಕಾಲವಾಗಿದೆ. 2017ರ ನವೆಂಬರ್‌ನಲ್ಲಿ ಹೊರಬಂದ 2031ರ ಕರಡು ಯೋಜನೆಯನ್ನು ಸರ್ಕಾರ ಮುಂದೆ ಕೈಬಿಟ್ಟದ್ದರಿಂದ ಹಳೆಯದೇ ಉಳಿದಿದೆ.

ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಈ ನಾಲ್ಕಕ್ಕೂ ನಿಯಮಪುಸ್ತಕ ಒಂದೇ. ಆದರೆ ನಾಲ್ಕರ ನೆಲದ ಚರಿತ್ರೆ ಬೇರೆ ಬೇರೆ. ಒಂದು ದಂಡಿನ ಪೇಟೆ, ಒಂದು ಹಳೆಯ ಊರು, ಒಂದು ಅಳೆದು ಹಂಚಿದ ಬಡಾವಣೆ, ಇನ್ನೊಂದು ಹೊಲ ಒಡೆದು ಮಾರಿದ ಸೈಟುಗಳ ರಾಶಿ. ಪುಸ್ತಕ ಇವುಗಳನ್ನೆಲ್ಲ ಅಳೆಯುವುದು ಮುಖ್ಯವಾಗಿ ಒಂದೇ ಅಳತೆಗೋಲಿನಿಂದ, ಅದು ಸೈಟಿನ ಮುಂದಿನ ರಸ್ತೆಯ ಅಗಲ. ಆಸ್ತಿ ಕೊಳ್ಳುವವರು ದಿಕ್ಕು, ವಾಸ್ತು, ಚದರಡಿಗಳನ್ನು ನೂರು ಸಲ ನೋಡುತ್ತಾರೆ, ರಸ್ತೆಗೆ ಟೇಪು ಹಿಡಿಯುವವರು ವಿರಳ. ಈ ಭಾಗದ ಎಷ್ಟೋ ಆಸ್ತಿ ತಕರಾರುಗಳಿಗೆ ಬೇರು ಅಲ್ಲಿದೆ.

ನೆಲದ ಚರಿತ್ರೆ

ಬ್ರಿಟಿಷರು ಹಲಸೂರಿನ ಸುತ್ತ ದಂಡು ಹೂಡಿದ್ದು 1809ರಲ್ಲಿ. ಅಧಿಕಾರಿಗಳಿಗೆ ವಿಶಾಲ ಕಾಂಪೌಂಡಿನ ಬಂಗಲೆಗಳು, ಸಿಪಾಯಿಗಳಿಗೆ ಸಾಲುಮನೆಗಳು, ಇವರಿಗೆ ದಿನಸಿ ಬಟ್ಟೆ ಒದಗಿಸುವ ವರ್ತಕರಿಗೆ ಇಕ್ಕಟ್ಟಾದ ಬಜಾರು ಹೀಗೆ ದಂಡು ಮೊದಲಿನಿಂದಲೇ ಎರಡು ಬಗೆಯ ಸಾಂದ್ರತೆಯಲ್ಲಿ ಬೆಳೆಯಿತು. ಆ ಬಜಾರೇ ಇಂದಿನ ಶಿವಾಜಿನಗರ. 1898ರ ಪ್ಲೇಗು ಇಕ್ಕಟ್ಟಿನ ಕೇರಿಗಳಲ್ಲಿ ಜನರನ್ನು ಬಲಿ ತೆಗೆದುಕೊಂಡ ಮೇಲೆ ಗಾಳಿ ಬೆಳಕಿಗೆ ಜಾಗ ಬಿಟ್ಟು ಮನೆ ಕಟ್ಟಬೇಕೆಂಬ ಮಾತಿಗೆ ಬಲ ಬಂತು. ಹಳೆಯ ನಗರದ ಕಡೆ ಮಲ್ಲೇಶ್ವರ, ಬಸವನಗುಡಿಗಳು ಮೂಡಿದವು. ದಂಡಿನ ಕಡೆ ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್, ಕುಕ್ ಟೌನ್‌ಗಳು ಬೆಳೆದವು. ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್, ಸಾವಿನ ಭಯದಿಂದ ಹುಟ್ಟಿದ ನಿಯಮ ಎಂಬುದನ್ನು ಮರೆಯಬಾರದು. ಇಂದು ಅದನ್ನು ಪಾಲಿಕೆಯವರ ಕಿರುಕುಳವೆಂದು ಬಗೆಯುವವರೇ ಹೆಚ್ಚು.

1949ರಲ್ಲಿ ದಂಡು ಪ್ರದೇಶವೂ ಹಳೆಯ ನಗರವೂ ಸೇರಿ ಒಂದೇ ನಗರಪಾಲಿಕೆಯಾದವು. ಅದಕ್ಕೂ ಮುನ್ನ, 1945ರಲ್ಲಿ, ಬಡಾವಣೆಗಳನ್ನು ರೂಪಿಸಲೆಂದು ನಗರ ಸುಧಾರಣಾ ಟ್ರಸ್ಟ್ ಮಂಡಳಿ (ಸಿಐಟಿಬಿ) ಹುಟ್ಟಿತ್ತು. 1976ರಲ್ಲಿ ಅದರ ಕೆಲಸವನ್ನು ಬಿಡಿಎ ವಹಿಸಿಕೊಂಡಿತು. ಎಚ್‌ಎಎಲ್ ಎರಡನೆ ಹಂತ, ಮೂರನೆ ಹಂತ ಎಂದು ದಾಖಲೆಗಳಲ್ಲಿ ಇರುವ ಇಂದಿರಾನಗರ ಈ ಸಂಸ್ಥೆಗಳು ರೂಪಿಸಿದ ಬಡಾವಣೆ. ಇಂಥ ಬಡಾವಣೆಯ ಸೈಟು ಹಂಚಿಕೆದಾರರಿಗೆ ಮೊದಲು ಸಿಗುತ್ತಿದ್ದುದು ಗುತ್ತಿಗೆ ಸಹಿತ ಮಾರಾಟದ ಕರಾರಿನ ಮೇಲೆ. ವಾಸದ ಮನೆಯನ್ನೇ ಕಟ್ಟಬೇಕು, ಸೈಟು ಒಡೆಯಬಾರದು, ಅವಧಿ ಮುಗಿಯುವ ತನಕ ಮಾರಬಾರದು ಎಂಬ ಷರತ್ತುಗಳು ಅದರಲ್ಲಿ ಇದ್ದವು. ಬೀರುವಿನಲ್ಲಿ ಮಡಿಸಿಟ್ಟ ಆ ಕಾಗದವನ್ನು ಮಕ್ಕಳು ಬಾಡಿಗೆ ಕರಾರು ಮಾಡುವ ಮೊದಲು ಬಿಡಿಸಿ ಓದುವುದು ಒಳ್ಳೆಯದು.

ಕೃಷ್ಣರಾಜಪುರದ (ಕೆ.ಆರ್. ಪುರ) ಕಥೆ ಬೇರೆ. ಹಳೇ ಮದ್ರಾಸ್ ರಸ್ತೆಯ ಮೇಲಿನ ಈ ಊರು ಮತ್ತು ಅದರ ಸುತ್ತಲಿನ ಹಳ್ಳಿಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ್ದು 2007ರಲ್ಲಿ. ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳು ಒಂದೇ ಏಟಿಗೆ ನಗರವಾದವು. ಅಷ್ಟರಲ್ಲಿ ಕೃಷಿ ಜಮೀನು ಭೂಪರಿವರ್ತನೆ ಇಲ್ಲದೆ, ಬಡಾವಣೆ ನಕ್ಷೆಗೆ ಮಂಜೂರಾತಿ ಇಲ್ಲದೆ, 20x30, 30x40 ಅಡಿಯ ಸೈಟುಗಳಾಗಿ ಕೈಬದಲಾಗಿ ಹೋಗಿತ್ತು. ಪಂಚಾಯಿತಿ ಖಾತೆಯ ಮೇಲೆಯೇ ಮನೆಗಳು ಎದ್ದಿದ್ದವು.

ಹಳದಿ ಬಣ್ಣದ ಒಳಗೆ ಎರಡು ಬಗೆ

2015ರ ಮಹಾಯೋಜನೆ ನಗರವನ್ನು 47 ಯೋಜನಾ ಜಿಲ್ಲೆಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಬಣ್ಣದ ನಕ್ಷೆ ಕೊಟ್ಟಿದೆ. ನಕ್ಷೆಯಲ್ಲಿ ಹಳದಿ ಬಣ್ಣದ ವಸತಿ ವಲಯದಲ್ಲಿ ಎರಡು ಬಗೆಗಳಿವೆ: ವಸತಿ (ಮುಖ್ಯ) ಮತ್ತು ವಸತಿ (ಮಿಶ್ರ). ಮೊದಲನೆಯದರಲ್ಲಿ ವಾಸವೇ ಪ್ರಧಾನ, ಅಂಗಡಿ ಕಚೇರಿಗಳಿಗೆ ಕಟ್ಟಡದ ಸಣ್ಣ ಪಾಲು ಮಾತ್ರ. ಎರಡನೆಯದರಲ್ಲಿ ಆ ಪಾಲು ಕೊಂಚ ದೊಡ್ಡದು. ಇದಲ್ಲದೆ ಊರನ್ನು ಮೂರು ವರ್ತುಲಗಳಾಗಿಯೂ ನೋಡಲಾಗಿದೆ. ಹಳೆಯ ಒಳನಗರ ಒಂದನೆಯದು, ಅಲ್ಲಿಂದ ಹೊರ ವರ್ತುಲ ರಸ್ತೆಯವರೆಗೆ ಎರಡನೆಯದು, ಅದರಾಚೆ ಮೂರನೆಯದು. ಇಂದಿರಾನಗರ ಹೊರ ವರ್ತುಲ ರಸ್ತೆಯ ಒಳಗಿದೆ, ಕೃಷ್ಣರಾಜಪುರದ ಊರು ಅದರ ಆಚೆಗಿದೆ.

ಮನೆಗಳ ನಡುವೆ ಅಂಗಡಿ, ಹೋಟೆಲು, ಪಬ್ಬುಗಳಿಗೆ ಈ ಯೋಜನೆ ಬಾಗಿಲು ತೆರೆಯಿತು ಎಂಬುದೇ ಅದರ ಮೇಲಿನ ದೊಡ್ಡ ಆಕ್ಷೇಪವಾಗಿತ್ತು. ನಾಗರಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು. 2012ರಲ್ಲಿ ನಿಯಮ ಬಿಗಿಯಾಯಿತು: ಒಂದು ಮತ್ತು ಎರಡನೆ ವರ್ತುಲಗಳ ವಸತಿ ವಲಯದಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ವಾಣಿಜ್ಯ ಬಳಕೆ ಸಲ್ಲದು. ಇಂದಿರಾನಗರದ ಪಾಲಿಗೆ ಈ 40 ಅಡಿ ಗೆರೆಯೇ ಜೀವನದ ಗೆರೆಯಾಯಿತು. 100 ಅಡಿ ರಸ್ತೆ, ಸಿಎಂಎಚ್ ರಸ್ತೆಗಳಲ್ಲಿ ಮಳಿಗೆಗಳ ಸಾಲು ಎದ್ದಿರುವುದು, ಅವುಗಳ ಹಿಂದಿನ ಅಡ್ಡರಸ್ತೆಯ ಮನೆಯಲ್ಲಿ ಕೆಫೆ ತೆರೆದರೆ ನೋಟಿಸು ಬರುವುದು, ಎರಡೂ ಇದೇ ಲೆಕ್ಕಾಚಾರದ ಫಲ. ರಾತ್ರಿ ಹನ್ನೆರಡರವರೆಗೆ ಸಂಗೀತದ ಸದ್ದು ಗೋಡೆ ನಡುಗಿಸುವ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರಿಗೆ ಈ ನಿಯಮ ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಿಲ್ಲ. ಅದನ್ನು ಜಾರಿಗೆ ತರುವಂತೆ ನಿವಾಸಿಗಳ ಸಂಘಗಳು ಮತ್ತೆ ಮತ್ತೆ ಪಾಲಿಕೆಯ ಬಾಗಿಲು ತಟ್ಟಬೇಕಾಗಿ ಬಂದದ್ದು ದುಃಖದ ಸಂಗತಿ.

ರಸ್ತೆಯ ಅಗಲ ಎಂದರೆ ಡಾಂಬರಿನ ಅಗಲವಲ್ಲ. ಈ ಕಡೆಯ ಆಸ್ತಿಗಳ ಗಡಿಯಿಂದ ಆ ಕಡೆಯ ಗಡಿಯವರೆಗೆ, ಚರಂಡಿ, ಪಾದಚಾರಿ ಮಾರ್ಗ ಎಲ್ಲ ಸೇರಿಸಿ ಅಳೆದದ್ದು. 40 ಅಡಿ ಎಂದರೆ 12.19 ಮೀಟರ್, ಹಾಗಾಗಿ ನಿಯಮಾವಳಿಯ ಕೋಷ್ಟಕದ 12 ಮೀಟರ್ ಗಡಿಯನ್ನು ಅದು ಕೂದಲೆಳೆಯಲ್ಲಿ ದಾಟುತ್ತದೆ. ಆದರೆ ಕಾಗದದಲ್ಲಿ 40 ಅಡಿ ಇರುವ ರಸ್ತೆಗೆ ಎದುರುಮನೆಯ ಕಾಂಪೌಂಡು ಎರಡಡಿ ಮುಂದೆ ಬಂದಿದ್ದರೆ, ಸ್ಥಳದ ಅಳತೆ 38ಕ್ಕೆ ಇಳಿಯುತ್ತದೆ. ಒಬ್ಬರ ಒತ್ತುವರಿ ಇಡೀ ಸಾಲಿನವರ ಹಕ್ಕನ್ನು ಕುಗ್ಗಿಸುವುದು ಹೀಗೆ.

ಮನೆಯಲ್ಲೇ ಕೂತು ರೋಗಿಗಳನ್ನು ನೋಡುವ ವೈದ್ಯರು, ಕಕ್ಷಿದಾರರನ್ನು ಕಾಣುವ ವಕೀಲರು ಬಳಸುವ ಸಣ್ಣ ಕೋಣೆಗೆ ನಿಯಮ ಸ್ಥಳ ಕೊಟ್ಟಿದೆ. ಇಡೀ ಮನೆಯನ್ನು ಕಂಪನಿಗೆ ಬಾಡಿಗೆಗೆ ಕೊಡುವುದನ್ನು ಇದೇ ತೆಕ್ಕೆಗೆ ಸೇರಿಸಲಾಗದು.

ಎಫ್‌ಎಆರ್: ಒಂದು 30x40 ಸೈಟಿನ ಲೆಕ್ಕ

ಎಷ್ಟು ಕಟ್ಟಬಹುದು ಎಂಬುದನ್ನು ಹೇಳುವ ಅಳತೆ ಫ್ಲೋರ್ ಏರಿಯಾ ರೇಷಿಯೊ, ಅಂದರೆ ಎಫ್‌ಎಆರ್. ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ಸೈಟಿನ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಬೆಂಗಳೂರಿನ ವಸತಿ ಕೋಷ್ಟಕ 1.75ರಿಂದ ಶುರುವಾಗಿ, ವಿಶಾಲ ರಸ್ತೆಯ ಮೇಲಿನ ದೊಡ್ಡ ಸ್ವತ್ತುಗಳಿಗೆ 3.25ರವರೆಗೆ ಏರುತ್ತದೆ. 360 ಚದರ ಮೀಟರ್‌ವರೆಗಿನ ಸೈಟಿಗೆ ನೆಲದ ಮೇಲೆ ಶೇ 75ರಷ್ಟು ಜಾಗ ಆವರಿಸಲು ಅವಕಾಶ. ಸಾಮಾನ್ಯ ಮನೆ ಕಟ್ಟುವವರು ಬೀಳುವುದು ಈ ಮೊದಲ ಸಾಲಿನಲ್ಲೇ.

ಕೆ.ಆರ್. ಪುರದ ಕಡೆ ಎಲ್ಲೆಂದರಲ್ಲಿ ಕಾಣುವ 30x40 ಸೈಟನ್ನು ತೆಗೆದುಕೊಳ್ಳೋಣ. ವಿಸ್ತೀರ್ಣ 1,200 ಚದರಡಿ. 1.75ರಿಂದ ಗುಣಿಸಿದರೆ 2,100 ಚದರಡಿ. ಕಟ್ಟಬಹುದಾದ್ದು ಒಟ್ಟು ಇಷ್ಟೇ. ಒಂದು ಮಹಡಿಗೆ ಗರಿಷ್ಠ 900 ಚದರಡಿ. ನೆಲಮಹಡಿಗೆ 900, ಮೊದಲ ಮಹಡಿಗೆ 900 ಹಾಕಿದರೆ ಮೇಲಕ್ಕೆ ಉಳಿಯುವುದು 300, ಅಂದರೆ ಒಂದು ಕೋಣೆ ಮತ್ತು ಬಚ್ಚಲಿನಷ್ಟು. ಇನ್ನು ಸೆಟ್‌ಬ್ಯಾಕ್. ನಾಲ್ಕೂ ಕಡೆ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು 24x34, ಅಂದರೆ 816 ಚದರಡಿ. ಕಾರು ನಿಲ್ಲಿಸಲು ಬಿಟ್ಟ ಸ್ಟಿಲ್ಟ್ ಈ ಲೆಕ್ಕದಲ್ಲಿ ಬರುವುದಿಲ್ಲ, ಆದ್ದರಿಂದ ಸ್ಟಿಲ್ಟ್ ಮೇಲೆ ಎರಡೂವರೆ ಮಹಡಿ ಕಾನೂನಿಗೆ ಒಪ್ಪುವ ಮನೆ. ಅದೇ ಅಳತೆಯ ಸೈಟಿನಲ್ಲಿ ನೆಲಮಹಡಿಯ ಮೇಲೆ ನಾಲ್ಕು ಮಹಡಿ ಎದ್ದಿದ್ದರೆ, ಕನಿಷ್ಠ ಮೇಲಿನ ಎರಡಕ್ಕೆ ಕಾನೂನಿನ ಆಸರೆ ಇಲ್ಲ. ಕಟ್ಟಡ ಎಷ್ಟೇ ಚೆಂದವಿರಲಿ, ಬಾಡಿಗೆ ಎಷ್ಟೇ ಬರಲಿ, ಬ್ಯಾಂಕು ಸಾಲ ಕೊಡುವಾಗ, ಮಾರುವಾಗ ಅದು ಎದುರು ನಿಲ್ಲುತ್ತದೆ.

ಮಂಜೂರಾದ ನಕ್ಷೆಯಿಂದ ಶೇ 5ರೊಳಗಿನ ವ್ಯತ್ಯಾಸಗಳನ್ನು ದಂಡ ಕಟ್ಟಿಸಿಕೊಂಡು ಮನ್ನಿಸಲು 2003ರ ಕಟ್ಟಡ ಉಪವಿಧಿಗಳಲ್ಲಿ ಅವಕಾಶವಿತ್ತು. ಮೇಸ್ತ್ರಿಯ ಕೈ ತಪ್ಪಿ ಒಂದೆರಡು ಇಂಚು ಆಚೀಚೆ ಆದದ್ದಕ್ಕೆ ಇಟ್ಟ ಸೌಕರ್ಯ ಅದು. ಎರಡು ಮಹಡಿ ಅದರಲ್ಲಿ ಹಿಡಿಯುವುದಿಲ್ಲ.

ದೊಡ್ಡ ಸ್ವತ್ತಿನವರೂ ಎಡವುವ ಕಡೆ ಒಂದಿದೆ. ಕುಕ್ ಟೌನ್, ರಿಚರ್ಡ್ಸ್ ಟೌನ್ ಕಡೆ ಒಂದು ಎಕರೆ ಕಾಂಪೌಂಡಿನ ಹಳೆಯ ಬಂಗಲೆ ಇದೆ ಎನ್ನಿ. ಎಕರೆ ಎಂದರೆ 4,047 ಚದರ ಮೀಟರ್, ಕೋಷ್ಟಕದ ಕೆಳಗಿನ ಸಾಲುಗಳಿಗೆ ಹೋಗಬಹುದಾದ ವಿಸ್ತೀರ್ಣ. ಆದರೆ ಬಂಗಲೆಯ ಮುಂದೆ ಇರುವುದು ಮರಗಳ ನೆರಳಿನ 30 ಅಡಿ ಬೀದಿ. ವಿಸ್ತೀರ್ಣಕ್ಕೂ ರಸ್ತೆಗೂ ಹೊಂದಿಕೆ ಇಲ್ಲದಿದ್ದರೆ ರಸ್ತೆಯ ಲೆಕ್ಕವೇ ಗೆಲ್ಲುತ್ತದೆ. ಜಂಟಿ ಅಭಿವೃದ್ಧಿ ಕರಾರಿಗೆ ಸಹಿ ಮಾಡಿಸಲು ಬಿಲ್ಡರ್ ಹೇಳುವ ಫ್ಲ್ಯಾಟುಗಳ ಸಂಖ್ಯೆಯನ್ನು ನಂಬುವ ಮುನ್ನ ಮನೆತನದವರು ಈ ಒಂದು ಸಾಲನ್ನು ತಾವೇ ಓದಿಕೊಳ್ಳಬೇಕು.

ಈ ಕೋಷ್ಟಕಕ್ಕೆ ವಿನಾಯಿತಿ ಮೆಟ್ರೊ. ನಿಲ್ದಾಣದಿಂದ 150 ಮೀಟರ್ ಒಳಗಿನ ಸ್ವತ್ತಿಗೆ 4ರವರೆಗೂ ಎಫ್‌ಎಆರ್ ಕೊಡುವ ಅವಕಾಶವನ್ನು ಮಹಾಯೋಜನೆ ಇಟ್ಟಿದೆ. ಊರಿನ ಮೊದಲ ಮೆಟ್ರೊ ಓಡಿದ್ದೇ ಈ ಪೂರ್ವ ಭಾಗದಲ್ಲಿ, 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ, ಇಂದಿರಾನಗರ ಹಲಸೂರುಗಳ ಮೇಲೆ. ಕೆ.ಆರ್. ಪುರ ಆ ಸಾಲಿಗೆ ಕೂಡಿಕೊಂಡದ್ದು 2023ರ ಅಕ್ಟೋಬರ್‌ನಲ್ಲಿ. ನಿಲ್ದಾಣದ ಸುತ್ತ ಹೆಚ್ಚು ಜನ ನೆಲೆಸಿದರೆ ವಾಹನ ತಗ್ಗುತ್ತದೆ ಎಂಬ ತರ್ಕ ಸರಿಯೇ. ಆದರೆ ನೀರು, ಒಳಚರಂಡಿಯ ಪೈಪುಗಳು ಹಳೆಯ ಮನೆಗಳ ಲೆಕ್ಕಕ್ಕೆ ಹಾಕಿದವು. ಅವನ್ನು ಹಿಗ್ಗಿಸದೆ ಮಹಡಿ ಮಾತ್ರ ಏರಿಸುವುದು ಹಳೆಯ ನಿವಾಸಿಗಳಿಗೆ ಮಾಡುವ ಅನ್ಯಾಯ.

ಎತ್ತರಕ್ಕೆ ಬೇರೆಯದೇ ಕಡಿವಾಣಗಳಿವೆ. 2008ರ ಮೇ ತಿಂಗಳಲ್ಲಿ ನಾಗರಿಕ ವಿಮಾನಗಳು ದೇವನಹಳ್ಳಿಗೆ ಹೋದರೂ ಎಚ್‌ಎಎಲ್ ವಿಮಾನ ನಿಲ್ದಾಣದ ಕೆಲಸ ನಿಂತಿಲ್ಲ. ಇಂದಿರಾನಗರದ ಆಸುಪಾಸಿನಲ್ಲಿ ಎತ್ತರದ ಕಟ್ಟಡಕ್ಕೆ ಅದರ ನಿರಾಕ್ಷೇಪಣೆ ಬೇಕಾಗುತ್ತದೆ. ಹಲಸೂರಿನ ಸುತ್ತ ಸೇನೆಯ ನೆಲೆಗಳಿಗೆ ಹತ್ತಿರವಿರುವ ಸ್ವತ್ತುಗಳಿಗೆ ಸೇನೆಯ ನಿರಾಕ್ಷೇಪಣೆಯ ಪ್ರಶ್ನೆ ಎದುರಾಗುತ್ತದೆ.

ನಿಯಮಕ್ಕಿಂತ ಹಳೆಯ ಬೀದಿಗಳು

ಹಲಸೂರಿನ ಸೋಮೇಶ್ವರ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲೂ, 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲೂ ಮನೆಗೆ ಮನೆ ಅಂಟಿಕೊಂಡಿದೆ. ಕೆಳಗೆ ಅಂಗಡಿ, ಮೇಲೆ ಸಂಸಾರ, ಎರಡು ಮನೆಗೆ ನಡುವೆ ಒಂದೇ ಗೋಡೆ. ಇದು ತಪ್ಪಿನಿಂದ ಆದದ್ದಲ್ಲ, ನಿಯಮ ಬರುವ ಮೊದಲಿನ ಊರು ಹಾಗೆಯೇ ಇತ್ತು. ತೊಂದರೆ ಶುರುವಾಗುವುದು ಮನೆ ಹಳತಾಗಿ ಕೆಡವಿ ಕಟ್ಟಬೇಕಾದಾಗ. 60 ಚದರ ಮೀಟರ್‌ಗಿಂತ ಚಿಕ್ಕ ಸೈಟುಗಳಿಗೆ ಸೆಟ್‌ಬ್ಯಾಕಿನಲ್ಲಿ ರಿಯಾಯಿತಿ ಇದೆ. ಆದರೂ ಹೊಸ ಮನೆ ಹಳೆಯದಕ್ಕಿಂತ ನೆಲದಲ್ಲಿ ಚಿಕ್ಕದಾಗುತ್ತದೆ. ಅದಕ್ಕೇ ಎಷ್ಟೋ ಮಂದಿ ದುರಸ್ತಿಯೆಂದು ಹೇಳಿ ಹಳೆಯ ಪಾಯದ ಮೇಲೆಯೇ ಮಹಡಿ ಏರಿಸುತ್ತಾರೆ. ಇಕ್ಕಟ್ಟಿನ ಹಳೆಯ ಬಡಾವಣೆಗಳಿಗೆ ಪ್ರತ್ಯೇಕ ಕಟ್ಟಡ ನಿಯಮ ಬೇಕು. ಇಂದಿರಾನಗರದ ಅಚ್ಚಿನಲ್ಲಿ ಶಿವಾಜಿನಗರವನ್ನು ಕೂರಿಸಲು ಹೋದರೆ ನಿಯಮ ಮುರಿಯುವುದೊಂದೇ ದಾರಿಯಾಗಿ ಉಳಿಯುತ್ತದೆ.

ಅಣ್ಣತಮ್ಮಂದಿರ ಪಾಲಿನಲ್ಲೂ ಇಂಥದೇ ಸಿಕ್ಕು. 40x60 ಸೈಟನ್ನು ವಿಭಾಗಪತ್ರ ಮಾಡಿ ಇಬ್ಭಾಗಿಸಿದರೆ 20x60ರ ಎರಡು ಪಟ್ಟಿಗಳಾಗುತ್ತವೆ. ಒಂದೊಂದಕ್ಕೂ ಬೇರೆ ಸೆಟ್‌ಬ್ಯಾಕ್ ಬಿಡಬೇಕಾಗಿ ಬಂದಾಗ ಮನೆಯ ಅಗಲ ಓಣಿಯಂತೆ ಕಿರಿದಾಗುತ್ತದೆ. ಪಾಲು ಮಾಡುವ ಮೊದಲೇ ಎಂಜಿನಿಯರಿಂದ ನಕ್ಷೆ ಬರೆಸಿ ನೋಡುವುದು ಜಾಣತನ.

ಖಾತೆ, ಸಕ್ರಮ ಮತ್ತು ಬಾಬುಸಾಪಾಳ್ಯ

ಕೃಷ್ಣರಾಜಪುರ ಕಡೆಯ ಮಾಲೀಕರಿಗೆ ವಲಯಕ್ಕಿಂತ ಮೊದಲು ಎದುರಾಗುವುದು ಖಾತೆಯ ಪ್ರಶ್ನೆ. ಪರಿವರ್ತನೆ, ಮಂಜೂರಾತಿ ಇಲ್ಲದ ಸ್ವತ್ತುಗಳನ್ನು ತೆರಿಗೆ ವಸೂಲಿಗಾಗಿ ಬೇರೆ ವಹಿಯಲ್ಲಿ ನಮೂದಿಸಿದ್ದರಿಂದ ‘ಬಿ’ ಖಾತೆ ಎಂಬ ಹೆಸರು ರೂಢಿಗೆ ಬಂತು. ತೆರಿಗೆ ಕಟ್ಟಿದ ರಸೀದಿ ಕಟ್ಟಡಕ್ಕೆ ಅನುಮತಿಯಲ್ಲ ಎಂಬುದು ಎಷ್ಟೋ ಕುಟುಂಬಗಳಿಗೆ ತಿಳಿದದ್ದು ಸಾಲಕ್ಕೆ ಅರ್ಜಿ ಹಾಕಿದಾಗಲೇ. ಜೀವಮಾನದ ಉಳಿತಾಯ ಸುರಿದು ಸೈಟು ಕೊಂಡ ಗಾರ್ಮೆಂಟ್ಸ್ ಕೆಲಸಗಾರರನ್ನು, ಚಾಲಕರನ್ನು ಇದಕ್ಕೆ ಹೊಣೆ ಮಾಡುವುದು ನ್ಯಾಯವಲ್ಲ. ಹೊಲ ಒಡೆದು ಮಾರಿದವರೂ, ನೋಂದಣಿ ಮಾಡಿಕೊಟ್ಟ ವ್ಯವಸ್ಥೆಯೂ ಅದರಲ್ಲಿ ಪಾಲುದಾರರು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಶುಲ್ಕ ಪಡೆದು ‘ಬಿ’ ಖಾತೆಯ ಸೈಟುಗಳಿಗೆ ‘ಎ’ ಖಾತೆ ಕೊಡುವ ಯೋಜನೆ ಪ್ರಕಟಿಸಿತು. ಖಾತೆ ಬದಲಾದ ಮಾತ್ರಕ್ಕೆ ಮಿತಿಮೀರಿದ ಮಹಡಿಗಳು ಸಕ್ರಮವಾಗುವುದಿಲ್ಲ ಎಂಬುದನ್ನು ನೆನಪಿಡಬೇಕು.

ಕಟ್ಟಡಗಳ ವಿಷಯಕ್ಕೆ ಬಂದರೆ, ವಾಸದ ಕಟ್ಟಡದಲ್ಲಿ ಶೇ 50, ಇತರೆಯದರಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಪಡೆದು ಒಪ್ಪುವ ಅಕ್ರಮ-ಸಕ್ರಮ ಯೋಜನೆಯನ್ನು ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಸಕ್ರಮ ಇವತ್ತಲ್ಲ ನಾಳೆ ಬಂದೇ ಬರುತ್ತದೆ ಎಂಬ ನಂಬಿಕೆಯಲ್ಲಿ ಮಹಡಿ ಏರಿಸುವುದು ಮಾತ್ರ ನಿಂತಿಲ್ಲ.

2024ರ ಅಕ್ಟೋಬರ್ 22ರಂದು, ಮಳೆಯ ನಡುವೆ, ಹೊರಮಾವು ಬಳಿಯ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತರು. ಅಲ್ಲಿ ದುಡಿಯುತ್ತಿದ್ದವರು ಕೂಲಿಗಾಗಿ ದೂರದಿಂದ ಬಂದ ಬಡವರು. ಎಫ್‌ಎಆರ್ ಎಂಬ ಮೂರಕ್ಷರ ಬರೀ ಕಡತದ ಲೆಕ್ಕವಲ್ಲ, ಪಾಯ ಹೊರಬಲ್ಲ ಭಾರದ ಲೆಕ್ಕವೂ ಹೌದು ಎಂದು ಅಂದು ಇಡೀ ಊರು ಕಂಡಿತು.

ಕೆರೆ, ಕಾಲುವೆ, ಉದ್ಯಾನ

ವಲಯ ವಸತಿಯದೇ ಆಗಿದ್ದರೂ ಕಟ್ಟಲಾಗದ ನೆಲವೂ ಉಂಟು. ಮಹಾಯೋಜನೆಯ ಪ್ರಕಾರ ಕೆರೆಯ ಅಂಚಿನಿಂದ 30 ಮೀಟರ್, ರಾಜಕಾಲುವೆಯ ನಡುವಿನಿಂದ ಅದರ ದರ್ಜೆಗೆ ತಕ್ಕಂತೆ 50, 25 ಅಥವಾ 15 ಮೀಟರ್ ಮೀಸಲು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಮೀಸಲನ್ನು 75 ಮೀಟರಿಗೆ ಏರಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿ ಮಹಾಯೋಜನೆಯ ಅಳತೆಯನ್ನೇ ಉಳಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ಭಾಗ ಮುಳುಗಿದಾಗ, ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಮನೆಗಳೊಳಗೆ ನುಗ್ಗಿತು. ಕೆ.ಆರ್. ಪುರದ ಕಡೆ ಸೈಟು ನೋಡುವವರು ಕಂದಾಯ ಇಲಾಖೆಯ ಗ್ರಾಮನಕ್ಷೆಯನ್ನು ತರಿಸಿ, ಕಾಲುವೆ ಎಲ್ಲಿ ಹಾದಿದೆ ಎಂದು ಸರ್ವೆಯರಿಂದ ಅಳೆಸಿಕೊಳ್ಳಬೇಕು. ಈಗ ಕಾಣುವ ಮುಚ್ಚಿದ ಚರಂಡಿ ನೋಡಿದರೆ ಸಾಲದು.

ಬಡಾವಣೆಯ ಪಾರ್ಕುಗಳೂ ಸಾಂದ್ರತೆಯ ಲೆಕ್ಕದ ಭಾಗವೇ. ಬಿಡಿಎ ಯೋಜನೆಗಳಲ್ಲಿ ಶೇ 15ಕ್ಕೆ ಕಡಿಮೆಯಿಲ್ಲದ ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಮತ್ತೆ ಶೇ 10 ನಾಗರಿಕ ಸೌಲಭ್ಯಕ್ಕೆ ಎಂದು 1976ರ ಕಾಯ್ದೆ ಹೇಳುತ್ತದೆ. ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ತಳ್ಳಿಹಾಕಿತು. ಬಡಾವಣೆಯ ನಿವಾಸಿಗೆ ಇಂಥದನ್ನು ಪ್ರಶ್ನಿಸುವ ಹಕ್ಕಿದೆ ಎಂದು ಗಟ್ಟಿಮಾಡಿದ ತೀರ್ಪು ಅದು.

ತಲೆಗಳ ಲೆಕ್ಕ

ಎಫ್‌ಎಆರ್ ಅಳೆಯುವುದು ಚದರಡಿಗಳನ್ನು, ಜನರನ್ನಲ್ಲ. 2,100 ಚದರಡಿಯಲ್ಲಿ ಐದು ಜನರ ಸಂಸಾರವೂ ಇರಬಹುದು, ನಲವತ್ತು ಹಾಸಿಗೆಗಳ ಪಿ.ಜಿ.ಯೂ ನಡೆಯಬಹುದು. ಐಟಿ ಕಂಪನಿಗಳಿಗೆ ಹತ್ತಿರವಾದ ಪೂರ್ವ ಭಾಗದಲ್ಲಿ ಎರಡನೆಯದೇ ಹಬ್ಬಿದೆ. ಪಾಲಿಕೆ 2024ರಲ್ಲಿ ಪಿ.ಜಿ.ಗಳಿಗೆ ತಲೆಗೆ ಕನಿಷ್ಠ 70 ಚದರಡಿ ವಾಸದ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕೆಂದು ಗೊತ್ತುಮಾಡಿತು. ಸಾಂದ್ರತೆಯನ್ನು ಮನುಷ್ಯರ ಲೆಕ್ಕದಲ್ಲಿ ಹಿಡಿಯಲು ಹೊರಟ ಈ ಹೆಜ್ಜೆ ತಡವಾಗಿಯಾದರೂ ಸರಿಯಾದದ್ದು.

ಅನುಮತಿಯ ದಾರಿ ಮತ್ತು ಇಂದಿನ ಸ್ಥಿತಿ

50x80ವರೆಗಿನ ಸೈಟುಗಳ ಮನೆಗಳಿಗೆ, ನೋಂದಾಯಿತ ಎಂಜಿನಿಯರ್ ಇಲ್ಲವೇ ವಾಸ್ತುಶಿಲ್ಪಿಯ ಮೂಲಕ ಆನ್‌ಲೈನಿನಲ್ಲಿ ತ್ವರಿತ ಮಂಜೂರಾತಿ ಕೊಡುವ ‘ನಂಬಿಕೆ ನಕ್ಷೆ’ 2024ರಲ್ಲಿ ಬಂತು. ಕಟ್ಟಿ ಮುಗಿದ ಮೇಲೆ ಬೇಕಾದದ್ದು ಸ್ವಾಧೀನಾನುಭವ ಪತ್ರ, ಜನರ ಬಾಯಲ್ಲಿ ಓಸಿ. ಅದಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಹೊಸ ಮನೆಗಳು ಮೀಟರಿಲ್ಲದೆ ನಿಂತವು. 2025ರಲ್ಲಿ ಸರ್ಕಾರ 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ವಿನಾಯಿತಿ ಪತ್ರಕ್ಕೆ ಮಾತ್ರ, ಎಫ್‌ಎಆರ್‌ಗೆ ಅಲ್ಲ.

2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರಪಾಲಿಕೆಗಳಿವೆ. ಶಿವಾಜಿನಗರ, ಹಲಸೂರು, ಇಂದಿರಾನಗರಗಳು ಕೇಂದ್ರ ಪಾಲಿಕೆಗೆ, ಕೃಷ್ಣರಾಜಪುರ ಪೂರ್ವ ಪಾಲಿಕೆಗೆ ಸೇರಿವೆ. ಕಚೇರಿಯ ಫಲಕ ಬದಲಾದರೂ ನಕ್ಷೆ ಪರಿಶೀಲಿಸುವ ಎಂಜಿನಿಯರ್ ತೆರೆಯುವುದು ತಿದ್ದುಪಡಿಗಳನ್ನು ಅಂಟಿಸಿಕೊಂಡ 2007ರ ಪುಸ್ತಕವನ್ನೇ. ಮುಂದಿನ ಮಹಾಯೋಜನೆಯ ಕರಡು ಪ್ರಕಟವಾದಾಗ, 2017ರಲ್ಲಿ ಸಾವಿರಾರು ಮಂದಿ ಮಾಡಿದಂತೆ, ಆಕ್ಷೇಪಣೆ ಸಲ್ಲಿಸಲು ಮಾಲೀಕರಿಗೆ ಅವಕಾಶವಿರುತ್ತದೆ. ಆಗ ತಮ್ಮ ಸೈಟಿನ ಬಣ್ಣದ ಜೊತೆಗೆ, ಮುಂದಿನ ರಸ್ತೆಗೆ ಅಗಲೀಕರಣದ ಗೆರೆ ಬಿದ್ದಿದೆಯೇ ಎಂದು ನೋಡಬೇಕು. ಬಿದ್ದಿದ್ದರೆ ಸೆಟ್‌ಬ್ಯಾಕ್ ಅಳೆಯುವುದು ಆ ಗೆರೆಯಿಂದ. ಬಿಟ್ಟುಕೊಡುವ ಜಾಗಕ್ಕೆ ಬದಲಾಗಿ ಸಿಗುವ ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ಎಷ್ಟು ಎಂಬುದನ್ನೂ ಆಗಲೇ ಬರಹದಲ್ಲಿ ಕೇಳಿ ಪಡೆಯಬೇಕು.